ದಿನಬಳಕೆಯ ಕಾರಿಗೆ ಕಡಿಮೆ ಖರ್ಚಿನ ಕಾಯಿಲ್‌ಓವರ್

ಶಾಕ್ ಅಬ್ಸಾರ್ಬರಿನ ಮೈಮೇಲೆಯೇ ಸುರುಳಿ ಸ್ಪ್ರಿಂಗ್ ತೊಡಿಸಿ ಎರಡನ್ನೂ ಒಂದೇ ಘಟಕವಾಗಿ ಕೂರಿಸಿದರೆ ಅದು ಕಾಯಿಲ್‌ಓವರ್. ಅದರ ಎತ್ತರವನ್ನು ಬದಲಿಸಲು ಶಾಕ್‌ನ ಹೊರಮೈಗೆ ಥ್ರೆಡ್ ಹಾಕಿ, ಸ್ಪ್ರಿಂಗಿನ ಕೆಳತುದಿ ಕೂರುವ ತಟ್ಟೆಯನ್ನು ನಟ್ಟಿನ ರೂಪದಲ್ಲಿ ಮಾಡಿರುತ್ತಾರೆ. ಥ್ರೆಡ್ಡಿನ ಅಂತರ 2 ಮಿ.ಮೀ. ಇದ್ದರೆ ನಟ್ಟಿನ ಒಂದು ಸುತ್ತಿಗೆ ತಟ್ಟೆ 2 ಮಿ.ಮೀ. ಮೇಲೇರುತ್ತದೆ ಅಥವಾ ಕೆಳಗಿಳಿಯುತ್ತದೆ. ಕೆಳಗೆ ಇನ್ನೊಂದು ನಟ್ಟು ಬಿಗಿದು ಅದನ್ನು ಅಲ್ಲೇ ನಿಲ್ಲಿಸಲಾಗುತ್ತದೆ. ಕಣ್ಣಿಗೆ ಬೀಳುವುದು ಬಣ್ಣ ಬಣ್ಣದ ಈ ನಟ್ಟುಗಳೇ. ಆದರೆ ಇಡೀ ಜೋಡಣೆಯಲ್ಲಿ ಅಗ್ಗದ ಭಾಗವೂ, ಸವಾರಿಯ ಗುಣವನ್ನು ಎಲ್ಲಕ್ಕಿಂತ ಕಡಿಮೆ ನಿರ್ಧರಿಸುವ ಭಾಗವೂ ಅವೇ. ಕಾರು ಹೇಗೆ ಓಡುತ್ತದೆ ಎಂಬುದು ಸ್ಪ್ರಿಂಗಿನ ಬಿಗಿತ, ಶಾಕ್‌ನ ತಡೆ, ಚಕ್ರ ಮೇಲೆ ಕೆಳಗೆ ಆಡಲು ಉಳಿದಿರುವ ಜಾಗ ಈ ಮೂರರ ಮೇಲೆ ನಿಂತಿದೆ. ಹಣ ಕಡಿಮೆಯಿದ್ದಷ್ಟೂ ಈ ಮೂರಕ್ಕೆ ಮೊದಲು ಲೆಕ್ಕ ಹಾಕಬೇಕು.

ಭಾರತದ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿ ಈ ರಚನೆ ಈಗಾಗಲೇ ಇದೆ. ಇಲ್ಲದಿರುವುದು ಎತ್ತರ ಬದಲಿಸುವ ಸೌಲಭ್ಯ ಮಾತ್ರ. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸ್ಟ್ರಟ್‌ನಲ್ಲಿ ಶಾಕ್‌ನ ಕೊಳವೆಯೇ ಚಕ್ರವನ್ನು ಹಿಡಿದು ನಿಲ್ಲಿಸುವ ಕಂಬವೂ ಹೌದು. ಸ್ಪ್ರಿಂಗ್ ಅದರ ಸುತ್ತ, ಕೊಳವೆಗೆ ಬೆಸೆದ ತಟ್ಟೆಯ ಮೇಲೆ ಕೂರುತ್ತದೆ. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಹಿಂಭಾಗಕ್ಕೆ ಕಮಾನು ಪಟ್ಟಿಗಳೇ ಆಧಾರವಾಗಿದ್ದ ಕಾಲದಲ್ಲಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಈ ಸ್ಟ್ರಟ್ಟನ್ನು ಮನೆಮಾತಾಗಿಸಿತು. ಇಂದಿನ ಸ್ವಿಫ್ಟ್, ಆಲ್ಟೊ, ವ್ಯಾಗನ್‌ಆರ್‌ಗಳ ಮುಂಭಾಗವೂ ಅದೇ. ಕಡಿಮೆ ಖರ್ಚಿನ ದಾರಿ ಹುಟ್ಟುವುದು ಇಲ್ಲಿಂದಲೇ. ವಿದೇಶಿ ಹೆಸರಿನ ಸಿದ್ಧ ಕಿಟ್‌ಗೆ ಲಕ್ಷ ರೂಪಾಯಿಯ ಆಸುಪಾಸು ತೆರುವ ಬದಲು, ಇರುವ ಸ್ಟ್ರಟ್ಟಿಗೇ ಥ್ರೆಡ್ ಇರುವ ಅಲ್ಯುಮಿನಿಯಂ ತೋಳನ್ನು (ಸ್ಲೀವ್) ತೊಡಿಸುವುದು.

ಎಷ್ಟು ತಗ್ಗಿಸಬಹುದು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ರಸ್ತೆ. ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದಂಥ ಊರಿನ ಕಾರು ಒಂದೇ ದಿನದಲ್ಲಿ ಎರಡು ಬಗೆಯ ರಸ್ತೆ ಕಾಣುತ್ತದೆ. ಊರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರಿನವರೆಗೂ ವೇಗದ ನುಣುಪು ಓಟ. ಹೆದ್ದಾರಿ ಬಿಟ್ಟು ಮಧುಗಿರಿಯ ಕಡೆಗೋ ಕೊರಟಗೆರೆಯ ಕಡೆಗೋ ತಿರುಗಿದರೆ ಹಳ್ಳಿಗಳ ರಸ್ತೆ ಉಬ್ಬುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನಿನಂತಿರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. 2018ರ ಮಾದರಿಯ ಸ್ವಿಫ್ಟ್ ಕಾರಿನ ಎರಡು ಅಚ್ಚುಗಳ ನಡುವಿನ ಅಂತರ 2.45 ಮೀಟರ್, ಖಾಲಿಯಿದ್ದಾಗ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 163 ಮಿ.ಮೀ. ನಿಯಮದ ಉಬ್ಬಿನ ನಡುಮಧ್ಯೆ ಕಾರು ಬಂದಾಗ ನಾಲ್ಕೂ ಚಕ್ರಗಳು ಉಬ್ಬಿನ ಮೇಲೆಯೇ ಇರುತ್ತವೆ. ಆದ್ದರಿಂದ ಹೊಟ್ಟೆಯ ಕೆಳಗಿನ ಜಾಗ 100 ಮಿ.ಮೀ. ಅಲ್ಲ, 44 ಮಿ.ಮೀ. ಮಾತ್ರ ಕಡಿಮೆಯಾಗುತ್ತದೆ. ಕಾರನ್ನು 40 ಮಿ.ಮೀ. ತಗ್ಗಿಸಿದರೂ ಅಂಥ ಉಬ್ಬಿನಲ್ಲಿ 79 ಮಿ.ಮೀ. ಉಳಿಯುತ್ತದೆ.

ತೊಂದರೆ ಕೊಡುವುದು ನಿಯಮ ನೋಡದೆ ಡಾಂಬರು ಸುರಿದು ಗುಡ್ಡೆ ಹಾಕಿದ, ಒಂದು ಮೀಟರೂ ಅಗಲವಿಲ್ಲದ ಉಬ್ಬು. ಅಲ್ಲಿ ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ ನಿಂತು, ಉಬ್ಬಿನ ಪೂರ್ತಿ ಎತ್ತರವೂ ಹೊಟ್ಟೆಯ ಕೆಳಗೆ ಬರುತ್ತದೆ. 130 ಮಿ.ಮೀ. ಎತ್ತರದ ಅಂಥ ಉಬ್ಬನ್ನು ಮೂಲ ಎತ್ತರದ ಖಾಲಿ ಕಾರು ಹೇಗೋ ದಾಟುತ್ತದೆ, 40 ಮಿ.ಮೀ. ತಗ್ಗಿಸಿದ್ದು ಖಂಡಿತ ಉಜ್ಜುತ್ತದೆ. ಐದು ಜನ ಕೂತು ಗೊರವನಹಳ್ಳಿಯ ಲಕ್ಷ್ಮಿ ದರ್ಶನಕ್ಕೆ ಹೊರಟರೆ ಹಿಂಭಾಗ ಇನ್ನಷ್ಟು ಕುಸಿಯುತ್ತದೆ. ಈ ಸೀಮೆಯ ಕಾರಿಗೆ 15ರಿಂದ 20 ಮಿ.ಮೀ. ತಗ್ಗು ಸಾಕು. ಎತ್ತರ ಬದಲಿಸುವ ಸೌಲಭ್ಯವನ್ನು ಕೆಲವರು ಕಾರನ್ನು ಮೂಲಕ್ಕಿಂತ ಎತ್ತರಿಸಲು ಬಳಸುವುದೂ ಇದೇ ಕಾರಣಕ್ಕೆ, ಮತ್ತು ಅದು ನಗುವ ವಿಷಯವೇನಲ್ಲ.

ಇನ್ನು ಸ್ಪ್ರಿಂಗ್. ಒಂದು ಚಕ್ರದ ಮೇಲೆ ಕೂತಿರುವ ಕಾರಿನ ಭಾರವನ್ನು ಸ್ಪ್ರಿಂಗಿನ ಮೇಲೆ ಒಮ್ಮೆ ಅದುಮಿ ಬಿಟ್ಟರೆ ಅದು ತನ್ನದೇ ಲಯದಲ್ಲಿ ಏಳುತ್ತ ಬೀಳುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದು ಆವರ್ತನ. ಸಾಮಾನ್ಯ ಕಾರುಗಳಲ್ಲಿ ಇದು ಸೆಕೆಂಡಿಗೆ 1ರಿಂದ 1.5ರ ಒಳಗಿರುತ್ತದೆ, 2 ದಾಟಿದರೆ ಬೆನ್ನುಮೂಳೆಗೆ ರಸ್ತೆಯ ಪ್ರತಿ ಕಲ್ಲೂ ತಿಳಿಯುತ್ತದೆ. ಸಣ್ಣ ಕಾರಿನ ಮುಂದಿನ ಒಂದು ಚಕ್ರದ ಸ್ಪ್ರಿಂಗ್ ಹೊರುವುದು ಸುಮಾರು 245 ಕಿಲೊ ಎಂದಿಟ್ಟುಕೊಂಡರೆ, ಸೆಕೆಂಡಿಗೆ 1.3 ಆವರ್ತನ ಬರಲು ಸ್ಪ್ರಿಂಗಿನ ಬಿಗಿತ ಮಿಲಿಮೀಟರಿಗೆ 16 ನ್ಯೂಟನ್ನಿನಷ್ಟಿರಬೇಕು. ಅಂದರೆ ಒಂದು ಮಿ.ಮೀ. ಒತ್ತಲು 1.7 ಕಿಲೊ ಭಾರ ಬೇಕು. ಬಿಗಿತ 25 ನ್ಯೂಟನ್ ಆದರೆ ಆವರ್ತನ 1.6ಕ್ಕೆ ಏರುತ್ತದೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ, ಮಿ.ಮೀ.ಗೆ 4 ಕಿಲೊ ಬಿಗಿತದ ಸ್ಪ್ರಿಂಗ್ ಹಾಕಿದರೆ ಅದು 2ಕ್ಕೆ ಮುಟ್ಟುತ್ತದೆ. ಅದು ರೇಸ್ ಟ್ರ್ಯಾಕಿನ ಸ್ಪ್ರಿಂಗ್. ದಿನಾ ಕಚೇರಿಗೆ ಹೋಗಿ ಬರುವ ಕಾರಿಗೆ 25ರ ಆಸುಪಾಸೇ ಮೇಲ್ಮಿತಿ.

ಸ್ಪ್ರಿಂಗಿನ ಬಿಗಿತವನ್ನು ಕಂಬಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ ತೀರ್ಮಾನಿಸುತ್ತವೆ. ಬಿಗಿತ ಕಂಬಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ; ವ್ಯಾಸದ ಘನದಂತೆ ಇಳಿಯುತ್ತದೆ; ಸುತ್ತು ಹೆಚ್ಚಿದಷ್ಟೂ ಇಳಿಯುತ್ತದೆ. 75 ಮಿ.ಮೀ. ವ್ಯಾಸ, 6 ಸುತ್ತು, 10 ಮಿ.ಮೀ. ಕಂಬಿಯ ಸ್ಪ್ರಿಂಗಿಗೆ ಮಿ.ಮೀ.ಗೆ 39 ನ್ಯೂಟನ್ ಬಿಗಿತ. ಕಂಬಿಯನ್ನು 9 ಮಿ.ಮೀ.ಗೆ ಇಳಿಸಿದರೆ ಸಾಕು, ಅದು 25.6ಕ್ಕೆ ಬೀಳುತ್ತದೆ. ಹಾಗಾದರೆ ತೆಳು ಕಂಬಿಯ ಸ್ಪ್ರಿಂಗೇ ಲಾಭವೆಂದು ಕಾಣಬಹುದು, ಆದರೆ ಹಾಗಲ್ಲ. 10 ಮಿ.ಮೀ. ಕಂಬಿಯಲ್ಲೇ ಸುತ್ತುಗಳನ್ನು ಒಂಬತ್ತೂವರೆಯ ಹತ್ತಿರಕ್ಕೆ ಏರಿಸಿದರೂ ಅದೇ 25 ಸಿಗುತ್ತದೆ, ಮತ್ತು ಅದೇ ಭಾರಕ್ಕೆ 9 ಮಿ.ಮೀ. ಕಂಬಿಯೊಳಗಿನ ತಿರುಚು ಒತ್ತಡ 10 ಮಿ.ಮೀ. ಕಂಬಿಗಿಂತ 37 ಶೇಕಡಾ ಹೆಚ್ಚು. ಗುಂಡಿಯಲ್ಲಿ ಚಕ್ರ ಬಿದ್ದಾಗ ಮುರಿಯುವುದು ಅದೇ. ಮೂಲ ಸ್ಪ್ರಿಂಗಿನ ಒಂದು ಸುತ್ತನ್ನು ಗ್ರೈಂಡರಿನಲ್ಲಿ ಕತ್ತರಿಸಿ ಕಾರು ತಗ್ಗಿಸುವ ಹಳೆಯ ಉಪಾಯದಲ್ಲಿ ಬಿಗಿತವೂ ಏರುತ್ತದೆ, ಕತ್ತರಿಸಿದ ತುದಿ ತಟ್ಟೆಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಸ್ಪ್ರಿಂಗ್ ಸುತ್ತಿದ ಮೇಲೆ ಅದನ್ನು ಕಾಯಿಸಿ ಹದಗೊಳಿಸಬೇಕು, ಪೂರ್ತಿ ಅದುಮಿ ನೋಡಬೇಕು, ಉಕ್ಕಿನ ಕಾಳು ಸಿಡಿಸಿ ಮೇಲ್ಮೈ ಗಟ್ಟಿಗೊಳಿಸಬೇಕು. ಇದು ಲೇತ್ ಅಂಗಡಿಯ ಕೆಲಸವಲ್ಲ. ಸ್ಪ್ರಿಂಗನ್ನು ಅದನ್ನೇ ಮಾಡುವ ಕಾರ್ಖಾನೆಯಿಂದ, ಅಳತೆ ಕೊಟ್ಟು ತರಿಸಬೇಕು.

ಸ್ಪ್ರಿಂಗ್ ಬದಲಿಸಿ ಹಳೆಯ ಶಾಕ್ ಉಳಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಶಾಕ್ ಎಣ್ಣೆಯನ್ನು ಸಣ್ಣ ಕಂಡಿಗಳ ಮೂಲಕ ತಳ್ಳಿ ಸ್ಪ್ರಿಂಗಿನ ಕುಣಿತವನ್ನು ಬಿಸಿಯಾಗಿ ಕಳೆಯುತ್ತದೆ. ಕುಣಿತ ಒಂದೇ ಸಲಕ್ಕೆ ನಿಲ್ಲಲು ಬೇಕಾದ ತಡೆಗೆ ಹೋಲಿಸಿ ಶಾಕ್‌ನ ತಡೆಯನ್ನು ಅಳೆಯುತ್ತಾರೆ. ಈ ಪ್ರಮಾಣ ದಿನಬಳಕೆಯ ಕಾರಿನಲ್ಲಿ ಸುಮಾರು 0.3 ಇದ್ದರೆ ಹಿತ. ಸ್ಪ್ರಿಂಗ್ ಬಿಗಿಯಾದಂತೆ ಬೇಕಾದ ತಡೆಯೂ ಅದರ ವರ್ಗಮೂಲದಂತೆ ಏರುತ್ತದೆ. 16 ನ್ಯೂಟನ್ನಿನ ಮೂಲ ಸ್ಪ್ರಿಂಗಿನೊಂದಿಗೆ 0.3 ಇದ್ದ ಶಾಕ್, 25 ನ್ಯೂಟನ್ ಸ್ಪ್ರಿಂಗಿನೊಂದಿಗೆ 0.24, 4 ಕಿಲೊ ಸ್ಪ್ರಿಂಗಿನೊಂದಿಗೆ 0.19 ಮಾತ್ರ. ಉಬ್ಬು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುವುದು, ದೇವರಾಯನದುರ್ಗದ ತಿರುವುಗಳಲ್ಲಿ ಟೈರು ನೆಲ ಬಿಟ್ಟಂತೆ ಆಡುವುದು ಇದರಿಂದ. ಸವೆದು ಎಣ್ಣೆ ಸೋರುವ ಹಳೆಯ ಶಾಕ್ ಆದರಂತೂ ಮಾತೇ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಾಗಲಿ ಬೇರೆಡೆಯಾಗಲಿ, ಕೈಯಲ್ಲಿರುವ ಹಣದ ದೊಡ್ಡ ಪಾಲನ್ನು ಹೊಸ, ಸ್ವಲ್ಪ ಹೆಚ್ಚು ತಡೆಯುಳ್ಳ ಶಾಕ್‌ಗೆ ಇಡುವುದೇ ಜಾಣತನ. ತಲೆಯ ಮೇಲಿನ ಗುಂಡಿ ತಿರುಗಿಸಿ ತಡೆ ಬದಲಿಸುವ ಶಾಕ್‌ಗಳಲ್ಲಿ ಒಂದು ಸೂಜಿ ಎಣ್ಣೆಯ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಅಗ್ಗದವುಗಳಲ್ಲಿ 24 ಅಥವಾ 32 ಮೆಟ್ಟಿಲು ಎಂದು ಬರೆದಿದ್ದರೂ ಅವುಗಳ ನಡುವೆ ಎಷ್ಟು ವ್ಯತ್ಯಾಸವಿದೆ ಎಂಬುದು ಆ ಸಂಖ್ಯೆಯಿಂದ ತಿಳಿಯದು.

ಚಕ್ರ ಆಡುವ ಜಾಗದ ಬಗ್ಗೆ ಇರುವ ತಪ್ಪು ಕಲ್ಪನೆ ದೊಡ್ಡದು. ನಟ್ಟು ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ ಎಂದು ಹಲವರು ನಂಬುತ್ತಾರೆ. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಸ್ಪ್ರಿಂಗ್ ಹೊರುವ ಭಾರ ಕಾರಿನ ಭಾರವೇ. ಸಾಮಾನ್ಯವಾಗಿ ನಟ್ಟು ತಿರುಗಿಸಿದರೆ ಕಾರು ಏರುತ್ತದೆ ಅಥವಾ ಇಳಿಯುತ್ತದೆ, ಅಷ್ಟೇ. ಆದರೆ ಇಳಿದಾಗ ಶಾಕ್‌ನ ದಂಡ ಅಷ್ಟೇ ಒಳಕ್ಕೆ ಹೋಗಿರುತ್ತದೆ. ಚಕ್ರ ಮೇಲೇಳಲು 85 ಮಿ.ಮೀ. ಇದ್ದ ಕಾರನ್ನು 40 ಮಿ.ಮೀ. ತಗ್ಗಿಸಿದರೆ ಉಳಿಯುವುದು 45; ಆಮೇಲೆ ದಂಡ ರಬ್ಬರಿನ ತಡೆಗೆ ಹೋಗಿ ಗುದ್ದುತ್ತದೆ. ಬೆಲೆಬಾಳುವ ಕಿಟ್‌ಗಳಲ್ಲಿ ಸ್ಟ್ರಟ್ಟಿನ ಕೆಳತುದಿಗೇ ಪ್ರತ್ಯೇಕ ಥ್ರೆಡ್ ಇದ್ದು, ಸ್ಪ್ರಿಂಗ್ ಮುಟ್ಟದೆ ಇಡೀ ಘಟಕವನ್ನೇ ಗಿಡ್ಡ ಮಾಡಬಹುದು. ಬರಿಯ ತೋಳು ತೊಡಿಸಿದರೆ ಆ ಅನುಕೂಲ ಇಲ್ಲ. ಇನ್ನೊಂದು ತುದಿಯಲ್ಲೂ ತೊಡಕಿದೆ. 4 ಕಿಲೊ ಸ್ಪ್ರಿಂಗ್ ಕಾರಿನ ಭಾರಕ್ಕೆ ಕುಸಿಯುವುದು 61 ಮಿ.ಮೀ. ಮಾತ್ರ. ಚಕ್ರ ಗುಂಡಿಗೆ 75 ಮಿ.ಮೀ. ಇಳಿದರೆ ಸ್ಪ್ರಿಂಗ್ 14 ಮಿ.ಮೀ. ಸಡಿಲವಾಗಿ ತಟ್ಟೆಯಲ್ಲಿ ಕಟಕಟ ಎನ್ನುತ್ತದೆ. 25 ನ್ಯೂಟನ್ ಸ್ಪ್ರಿಂಗ್ 96 ಮಿ.ಮೀ. ಕುಸಿದಿರುವುದರಿಂದ ಅದಕ್ಕೆ ಈ ಕಾಟವಿಲ್ಲ. ಬಿಗಿ ಸ್ಪ್ರಿಂಗೇ ಬೇಕಾದರೆ ಅದರ ಜೊತೆ ಮೆತ್ತನೆಯ ಸಣ್ಣ ಸಹಾಯಕ ಸ್ಪ್ರಿಂಗ್ ಇಡಬೇಕು.

ಮುಂಭಾಗದ ಕೆಲಸದಲ್ಲಿ ಮೊದಲು ಸ್ಟ್ರಟ್ ಬಿಚ್ಚಿ, ಸುರುಳಿಯನ್ನು ಅದುಮಿ ಹಿಡಿಯುವ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಹೊರತೆಗೆಯಬೇಕು. ಕಂಪ್ರೆಸರ್ ಇಲ್ಲದೆ ಮೇಲಿನ ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಮುಖಕ್ಕೆ ಹಾರುತ್ತದೆ. ಬೆಸೆದ ತಟ್ಟೆಯ ಅಂಚನ್ನು ಗ್ರೈಂಡ್ ಮಾಡಿ, ತೋಳು ಕೂರಲು ಬೇಕಾದಷ್ಟು ಬಳೆಯನ್ನು ಉಳಿಸಬೇಕು. ಇಲ್ಲಿ ಗ್ಯಾಸ್ ಕಟ್ಟರ್ ಬಳಸಬಾರದು, ಎಣ್ಣೆ ಮತ್ತು ಒತ್ತಿ ತುಂಬಿದ ಅನಿಲವಿರುವ ಕೊಳವೆಗೆ ವೆಲ್ಡಿಂಗ್ ಮಾಡಲೇಬಾರದು, ಸಿಡಿಯುತ್ತದೆ. ಕೊಳವೆಯ ಗೋಡೆಗೆ ಗ್ರೈಂಡರ್ ತಾಗಿದರೂ ಅಪಾಯ, ಏಕೆಂದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಬಾಗುವ ಬಲವನ್ನು ಹೊರುವುದು ಆ ಗೋಡೆಯೇ. ತೋಳು, ಎರಡು ನಟ್ಟು, ಸ್ಪ್ರಿಂಗಿನ ಮೇಲ್ತುದಿ ಕೂರುವ ಟೋಪಿ ಇವನ್ನು ತುಮಕೂರಿನಲ್ಲೋ ಬೆಂಗಳೂರಿನ ಪೀಣ್ಯದಲ್ಲೋ ಯಾವ ಒಳ್ಳೆಯ ಲೇತ್‌ನವರೂ ತಿರುವಿ ಕೊಡಬಲ್ಲರು. ಸ್ಟಿಯರಿಂಗ್ ತಿರುಗಿದಂತೆ ಸ್ಪ್ರಿಂಗೂ ತಿರುಗಬೇಕಾದ್ದರಿಂದ ಮೇಲಿನ ಬೇರಿಂಗ್ ಉಳಿಯುವಂತೆ ಟೋಪಿಯ ಅಳತೆ ಇರಬೇಕು. ತಯಾರಕರು ಮೂಲ ಸ್ಪ್ರಿಂಗನ್ನು ಸ್ಟ್ರಟ್ಟಿಗೆ ಸ್ವಲ್ಪ ಓರೆಯಾಗಿ ಕೂರಿಸಿ ದಂಡದ ಮೇಲಿನ ಪಕ್ಕದ ಒತ್ತಡ ಕಳೆದಿರುತ್ತಾರೆ. ನೇರ ಸ್ಪ್ರಿಂಗಿನಲ್ಲಿ ಆ ಅನುಕೂಲ ಹೋಗಿ, ಸೀಲ್ ಬೇಗ ಸವೆಯುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಹಿಂಭಾಗದಲ್ಲಿ ಕಾಯಿಲ್‌ಓವರ್ ಹಾಕಬೇಕೆಂಬ ಹಟ ಬೇಡ. ಸ್ವಿಫ್ಟ್‌ನಂಥ ಕಾರುಗಳ ಹಿಂಭಾಗದಲ್ಲಿ ಎರಡು ಚಕ್ರಗಳನ್ನು ಕೂಡಿಸುವ ತಿರುಚು ತೊಲೆಯಿದ್ದು, ಸ್ಪ್ರಿಂಗೂ ಶಾಕೂ ಬೇರೆ ಬೇರೆ ಕಡೆ ಕೂತಿರುತ್ತವೆ. ಶಾಕ್ ಕೂರುವ ಜಾಗವನ್ನು ಕಾರಿನ ಭಾರ ಹೊರಲೆಂದು ಮಾಡಿಲ್ಲ. ಅಲ್ಲಿಗೆ ಸ್ಪ್ರಿಂಗ್ ಸಾಗಿಸಿದರೆ ದೇಹದ ತಗಡು ಬಿರುಕು ಬಿಡುತ್ತದೆ. ಸ್ಪ್ರಿಂಗಿನ ಮೂಲ ಜಾಗದಲ್ಲೇ ಥ್ರೆಡ್ ಇರುವ ತಟ್ಟೆ ಕೂರಿಸಿದರೆ ಎತ್ತರ ಬದಲಿಸಲು ಅಷ್ಟು ಸಾಕು.

ಜೋಡಿಸಿದ ಮೇಲೆ ಚಕ್ರದ ನಡುಬಿಂದುವಿನಿಂದ ಮಡ್ಗಾರ್ಡಿನ ಅಂಚಿಗೆ ಅಳೆದು ನಾಲ್ಕೂ ಮೂಲೆ ಸರಿಮಾಡಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದೇ ಮೂಲೆಯನ್ನು ಎತ್ತಿದರೆ ಆ ಚಕ್ರಕ್ಕೂ ಅದರ ಕರ್ಣದ ಚಕ್ರಕ್ಕೂ ಭಾರ ಹೆಚ್ಚಿ, ಬ್ರೇಕ್ ಹಾಕಿದಾಗ ಕಾರು ಪಕ್ಕಕ್ಕೆ ಎಳೆಯಬಹುದು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಕಂಟ್ರೋಲ್ ಆರ್ಮ್‌ಗಳ ಬುಷ್ ಬೋಲ್ಟುಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಬಿಗಿಯಬೇಕು. ತಗ್ಗಿಸಿದಾಗ ಚಕ್ರದ ವಾಲಿಕೆ ಮತ್ತು ಒಳಮುಖ-ಹೊರಮುಖ ತಿರುವು (ಟೋ) ಎರಡೂ ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳಅಂಚು ಬೇಗನೆ ಬೋಳಾಗುತ್ತದೆ.

ಕಾನೂನಿನ ಮಾತು ಕಡೆಗಣಿಸುವಂಥದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಣೆಗೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮಧುಗಿರಿಯ ಕೆಎ-64 ಇರಲಿ, ತುಮಕೂರಿನ ಕೆಎ-06 ಇರಲಿ, ಸಾರಿಗೆ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ವಿಚಾರಿಸುವುದು ಕ್ಷೇಮ.

ಬಯಲುಸೀಮೆಯ ದೂಳಿನಲ್ಲಿ ಈ ಜೋಡಣೆಯ ಶತ್ರು ಮಳೆಗಿಂತ ಮಣ್ಣು. ಥ್ರೆಡ್ಡಿನಲ್ಲಿ ಮಣ್ಣು ಕೂತು, ಉಕ್ಕಿಗೆ ತಾಗಿರುವ ಅಲ್ಯುಮಿನಿಯಂ ತುಕ್ಕಿನಂತೆ ಬಿಳಿಪುಡಿಗಟ್ಟಿ, ಒಂದೆರಡು ವರ್ಷದಲ್ಲಿ ನಟ್ಟು ಅಲುಗದಂತಾಗುತ್ತದೆ. ಜೋಡಿಸುವಾಗಲೇ ಅಂಟು ತಡೆಯುವ ಗ್ರೀಸ್ ಹಚ್ಚಿ, ಎತ್ತರ ನಿಗದಿಯಾದ ಮೇಲೆ ಹೊರಗುಳಿದ ಥ್ರೆಡ್ಡಿಗೆ ರಬ್ಬರ್ ಕವಚ ಹಾಕುತ್ತಾರೆ. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಲಾಕ್ ನಟ್ಟುಗಳನ್ನು ಮತ್ತೆ ಬಿಗಿಯಬೇಕು, ಬ್ರೇಕಿನ ಹೋಸ್ ಪೈಪು ಎಲ್ಲಿಯೂ ಎಳೆದುಕೊಂಡಿಲ್ಲ ಎಂದು ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು, ಮುಂಭಾಗ ತಗ್ಗಿದ್ದರೆ ಹೆಡ್‌ಲೈಟಿನ ಬೆಳಕನ್ನೂ ಸರಿಪಡಿಸಬೇಕು. ಆಮೇಲೆ ಪ್ರತಿ ಸರ್ವಿಸ್‌ನಲ್ಲಿ ಶಾಕ್‌ನ ದಂಡದ ಬುಡದಲ್ಲಿ ಎಣ್ಣೆ ಜಿನುಗಿದೆಯೇ, ಸ್ಪ್ರಿಂಗಿನ ಬಣ್ಣ ಸುಲಿದು ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಿದರೆ ಸಾಕು. ತುಕ್ಕಿನ ಕಲೆಯಿಂದಲೇ ಸ್ಪ್ರಿಂಗಿನ ಬಿರುಕು ಶುರುವಾಗುವುದು.