ಅರಾಂಡರ ನೆಲದಲ್ಲಿ ಸುವಾರ್ತೆ

ಆಸ್ಟ್ರೇಲಿಯಾದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 125 ಕಿಲೋಮೀಟರ್ ದೂರದಲ್ಲಿ ಎನ್‌ಟಾರಿಯ ಎಂಬ ಊರಿದೆ. ಹರ್ಮನ್ಸ್‌ಬರ್ಗ್ ಎಂಬುದು ಅದಕ್ಕೆ ಜರ್ಮನ್ ಮಿಷನರಿಗಳು ಇಟ್ಟ ಹೆಸರು. ಪಕ್ಕದ ಫಿಂಕ್ ನದಿ ವರ್ಷದ ಬಹುಪಾಲು ಬರಿಯ ಮರಳಿನ ಹಾಸು; ಮಳೆ ಸುರಿದಾಗಷ್ಟೇ ತುಂಬಿ ಹರಿಯುತ್ತದೆ. ಇದು ಪಶ್ಚಿಮ ಅರಾಂಡ ಎಂಬ ಮೂಲನಿವಾಸಿ ಜನರ ನೆಲ. ಕ್ರೈಸ್ತ ಸುವಾರ್ತೆ ಇಲ್ಲಿಗೆ ಬಂದು ಒಂದೂವರೆ ಶತಮಾನವಾಗುತ್ತಾ ಬಂತು. ಈ ಜನರಿಗೆ ಇಂದು ಯಾವ ಬಗೆಯ ಕ್ರೈಸ್ತ ಸೇವೆ ಬೇಕು ಎಂದು ತಿಳಿಯಲು ಆ ಚರಿತ್ರೆಯಲ್ಲಿ ಯಾವುದು ಬೇರು ಬಿಟ್ಟಿತು, ಯಾವುದು ಗಾಯ ಮಾಡಿತು ಎಂಬುದನ್ನು ಮೊದಲು ನೋಡಬೇಕು.

ಪೂರ್ವಿಕರು ನಡೆದ ಹಾದಿ

ಅರಾಂಡರ ನಂಬಿಕೆಯ ಬುಡ ನೆಲದಲ್ಲಿದೆ. ಆದಿಯಲ್ಲಿ ಪೂರ್ವಿಕರು ಮನುಷ್ಯರಾಗಿ, ಪ್ರಾಣಿಗಳಾಗಿ, ಹುಳುಗಳಾಗಿ ನೆಲದೊಳಗಿಂದ ಎದ್ದು ಬಂದರು. ಅವರು ನಡೆದ ಹಾದಿಯಲ್ಲಿ ಬೆಟ್ಟ, ಕಣಿವೆ, ನೀರಿನ ಹೊಂಡಗಳು ಮೂಡಿದವು. ಕೊನೆಗೆ ಅವರು ಕಲ್ಲಾಗಿ, ಮರವಾಗಿ ಅಲ್ಲಲ್ಲೇ ನೆಲೆಸಿದರು. ತಾನು ಬಸುರಿ ಎಂದು ತಾಯಿ ಮೊದಲು ಅರಿತ ಜಾಗ ಯಾವ ಪೂರ್ವಿಕನದೋ ಅವನೊಂದಿಗೆ ಮಗುವಿಗೆ ಜೀವಮಾನದ ನಂಟು. ಆ ಜಾಗದ ಹಾಡು, ಕುಣಿತ, ಆಚರಣೆಗಳನ್ನು ಕಾಯುವುದು ಬೆಳೆದ ಮೇಲೆ ಆ ಮಗುವಿನ ಹೊಣೆ. ಕೆಲವು ಪವಿತ್ರ ವಸ್ತುಗಳನ್ನೂ ಹಾಡುಗಳನ್ನೂ ದೀಕ್ಷೆ ಪಡೆದವರು ಮಾತ್ರ ಅರಿಯಬಹುದು. ಆದ್ದರಿಂದ ಅವುಗಳ ವಿವರ ಇಲ್ಲಿ ಬೇಡ.

ಎಲ್ಲರೂ ಕೇಳಬಹುದಾದ ಕಥೆಗಳೂ ಇವೆ. ಎನ್‌ಟಾರಿಯದ ಪಶ್ಚಿಮಕ್ಕೆ ಟ್ನೊರಾಲ ಎಂಬ ಉಂಗುರಾಕಾರದ ಬೆಟ್ಟಸಾಲಿದೆ. ಹಿಂದೆ ಆಕಾಶಗಂಗೆಯಲ್ಲಿ ನಕ್ಷತ್ರ ಸ್ತ್ರೀಯರು ಕುಣಿಯುತ್ತಿದ್ದರಂತೆ. ಅವರಲ್ಲೊಬ್ಬಳು ಮಗುವನ್ನು ಮರದ ತೊಟ್ಟಿಲಲ್ಲಿ ಮಲಗಿಸಿ ಕುಣಿಯಲು ಹೋದಳು. ತೊಟ್ಟಿಲು ಅಂಚಿನಿಂದ ಜಾರಿ ಭೂಮಿಗೆ ಬಿತ್ತು. ಬಿದ್ದ ಪೆಟ್ಟಿಗೆ ಬಂಡೆಗಳು ಸುತ್ತಲೂ ಮೇಲೆದ್ದವು. ಬೆಳ್ಳಿಚುಕ್ಕಿಯಾದ ತಾಯಿ, ಸಂಜೆಯ ಚುಕ್ಕಿಯಾದ ತಂದೆ ಇಂದಿಗೂ ಮಗುವನ್ನು ಹುಡುಕುತ್ತಿದ್ದಾರೆ. ಸುಮಾರು 14 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಅಪ್ಪಳಿಸಿ ಉಂಟಾದ ಕುಳಿಯ ನಡುಭಾಗವೇ ಈ ಬೆಟ್ಟ ಎನ್ನುತ್ತಾರೆ ಭೂವಿಜ್ಞಾನಿಗಳು.

ಬಂಧುತ್ವದ ಕಟ್ಟಳೆಯೂ ಅಷ್ಟೇ ಬಿಗಿ. ಸಮಾಜದಲ್ಲಿ ಎಂಟು ಪಂಗಡಗಳಿವೆ. ಯಾರು ಯಾರನ್ನು ಮದುವೆಯಾಗಬಹುದು, ಯಾರು ಯಾರಿಗೆ ಏನಾಗಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನ. ಮಿಷನ್‌ನಲ್ಲಿ ಬೆಳೆದ ಹೆಸರಾಂತ ಚಿತ್ರಕಾರ ಆಲ್ಬರ್ಟ್ ನಮಟ್ಜಿರ ಕೂಡ ಈ ಕಟ್ಟಳೆ ಮೀರಿ ಮದುವೆಯಾದಾಗ ಕೆಲವು ವರ್ಷ ತನ್ನವರಿಂದ ದೂರವಿರಬೇಕಾಯಿತು.

ಮಿಷನ್ ಬಂದ ಮೇಲೆ

ದಕ್ಷಿಣ ಆಸ್ಟ್ರೇಲಿಯಾದಿಂದ ಸುಮಾರು 20 ತಿಂಗಳು ಮರುಭೂಮಿ ಸವೆಸಿ ಲೂಥರನ್ ಮಿಷನರಿಗಳಾದ ಕೆಂಪೆ ಮತ್ತು ಶ್ವಾರ್ಟ್ಸ್ 1877ರಲ್ಲಿ ಇಲ್ಲಿಗೆ ಬಂದರು. ಬಿಳಿಯ ದನಗಾಹಿಗಳೂ ಪೊಲೀಸರೂ ಮೂಲನಿವಾಸಿಗಳನ್ನು ಬೇಟೆಯಾಡುತ್ತಿದ್ದ ಕಾಲ ಅದು. ವಿಲ್‌ಶೈರ್ ಎಂಬ ಪೊಲೀಸ್ ಅಧಿಕಾರಿಯ ಮೇಲೆ 1891ರಲ್ಲಿ ಕೊಲೆ ಮೊಕದ್ದಮೆ ನಡೆದು, ಅವನು ಖುಲಾಸೆಯಾದ. ಅಂಥ ಹೊತ್ತಿನಲ್ಲಿ ಮಿಷನ್ ಆಸರೆಯಾಯಿತು, ನಿಜ. ಆದರೆ ಅದೇ ಮಿಷನ್ ಹಿರಿಯರ ಆಚರಣೆಗಳನ್ನು ಸೈತಾನನ ಕೆಲಸವೆಂದು ತಳ್ಳಿಹಾಕಿತು, ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ವಸತಿಗೃಹಗಳಲ್ಲಿಟ್ಟಿತು. ಆಸರೆಗೆ ತೆತ್ತ ಈ ಬೆಲೆಯನ್ನು ಮರೆಮಾಚಿ ಮಿಷನ್ ಚರಿತ್ರೆ ಬರೆಯುವುದು ಅನ್ಯಾಯ.

1894ರಲ್ಲಿ ಬಂದ ಕಾರ್ಲ್ ಸ್ಟ್ರೆಲೋ ಭಾಷೆಯ ದಾರಿ ಹಿಡಿದರು. ಅದೇ ವರ್ಷ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ಬಲ್ಲ ಕನ್ನಡಿಗರಿಗೆ ಇಂಥ ದುಡಿಮೆಯ ತೂಕ ಹೇಳಬೇಕಿಲ್ಲ. ಸ್ಟ್ರೆಲೋ ಅರಾಂಡ ನಿಘಂಟು ಕಟ್ಟಿದರು. ಪುರಾಣಗಳನ್ನೂ ಹಾಡುಗಳನ್ನೂ ಬರೆದುಕೊಂಡು ಸಂಪುಟಗಳಾಗಿ ಪ್ರಕಟಿಸಿದರು. ಎನ್‌ಟಾರಿಯದ ಆಚರಣೆಗಳ ಮುಖಂಡ ಲೋಟ್ಜಿರ ಸ್ಟ್ರೆಲೋರ ಮುಖ್ಯ ಗುರುಗಳಲ್ಲೊಬ್ಬ. ಇಷ್ಟೆಲ್ಲ ಕೇಳಿ ಬರೆದುಕೊಂಡರೂ ಪಾದ್ರಿಯಾದ ಸ್ಟ್ರೆಲೋ ಆ ಆಚರಣೆಗಳಿಗೆ ಕಾಲಿಡಲಿಲ್ಲ.

1926ರಲ್ಲಿ ಆಲ್ಬ್ರೆಕ್ಟ್ ಪಾದ್ರಿ ಬಂದಾಗ ಭೀಕರ ಬರ ಶುರುವಾಗಿತ್ತು. ತಾಜಾ ಹಣ್ಣು, ತರಕಾರಿ ಇಲ್ಲದೆ ಸ್ಕರ್ವಿ ರೋಗ ಹರಡಿ ಅನೇಕ ಮಕ್ಕಳು ಸತ್ತರು. ಮೆಲ್ಬರ್ನ್‌ನ ಚಿತ್ರಕಾರ್ತಿ ವಯೊಲೆಟ್ ಟೀಗ್ ಮತ್ತು ಆಕೆಯ ತಂಗಿ ಊರಿಗೆ ನೀರು ತರಲು ಚಿತ್ರಗಳನ್ನು ಮಾರಿ ಹಣ ಕೂಡಿಸಿದರು. ಅರಾಂಡರು ಗಟ್ಟಿ ನೆಲ ಅಗೆದು ಕಾಲುವೆ ತೋಡಿದರು. 1935ರಲ್ಲಿ ಕಪೊರಿಲ್ಯ ಚಿಲುಮೆಯ ನೀರು ಕೊಳವೆಯಲ್ಲಿ ಊರಿಗೆ ಹರಿದು ತೋಟ ಹಸಿರಾಯಿತು. ಸುವಾರ್ತೆಯ ಮಾತಿಗೆ ಇಷ್ಟು ಬೆಲೆ ತಂದ ಕೆಲಸ ಇನ್ನೊಂದಿಲ್ಲ.

ಅರಾಂಡರೇ ಕಟ್ಟಿದ ಸಭೆ

ಆದರೂ ನಂಬಿಕೆ ಊರೂರಿಗೆ ಹರಡಿದ್ದು ಅರಾಂಡರ ಬಾಯಿಂದಲೇ. ಅವರಲ್ಲಿ ದೊಡ್ಡ ಹೆಸರು ಮೋಸೆಸ್ ಟ್ಜಲ್ಕಬೊಟ. 1890ರಲ್ಲಿ ದೀಕ್ಷಾಸ್ನಾನ ಪಡೆದ ಅವರು ನಡುಹರೆಯದಲ್ಲಿ ಕಣ್ಣು ಕಳೆದುಕೊಂಡರು. ಬೈಬಲಿನ ಭಾಗಗಳನ್ನು ಬಾಯಿಪಾಠ ಮಾಡಿಕೊಂಡು, ಇತರರ ಕೈ ಹಿಡಿದು ಮರಳುಗಾಡಿನ ನೆಲೆಗಳಿಗೆ ಹೋಗಿ ತಮ್ಮ ಭಾಷೆಯಲ್ಲಿ ಸಾರಿದರು. ಹೊಸ ಒಡಂಬಡಿಕೆಯ ಅನುವಾದದಲ್ಲಿ ಸ್ಟ್ರೆಲೋಗೆ ನೆರವಾದವರೂ ಅವರೇ. 1954ರಲ್ಲಿ ತೀರಿಕೊಳ್ಳುವ ತನಕ ಅವರು ಸುವಾರ್ತಿಕರಾಗಿಯೇ ಬಾಳಿದರು.

ಜರ್ಮನರು ತಂದ ಕೀರ್ತನೆಗಳನ್ನು ಹೆಂಗಸರು ಅರಾಂಡ ಮಾತಿನಲ್ಲಿ ಹಾಡಿ ತಮ್ಮದಾಗಿಸಿಕೊಂಡರು. 2015ರಲ್ಲಿ ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿ ಮಹಿಳೆಯರ ಗಾಯನ ತಂಡವೊಂದು ಜರ್ಮನಿಗೇ ಹೋಗಿ ಅವುಗಳನ್ನು ಹಾಡಿತು. ಅದಕ್ಕೂ ಮೊದಲೇ, 1982ರಲ್ಲಿ, ಮಿಷನ್‌ನ ಜಮೀನು ಅದರ ನಿಜವಾದ ಒಡೆಯರ ಕೈಗೆ ಮರಳಿತ್ತು.

ಇಂದಿನ ಅಗತ್ಯ

ಇಂದು ಇಲ್ಲಿ ಕ್ರಿಸ್ತನ ಹೆಸರು ಕೇಳದವರನ್ನು ಹುಡುಕಿ ಹೋಗುವ ಪ್ರಮೇಯವಿಲ್ಲ. ಬೇಕಾದದ್ದು ಬೇರೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ರೋಗ ಈ ಸೀಮೆಯನ್ನು ಹಿಂಡುತ್ತಿವೆ; ಡಯಾಲಿಸಿಸ್‌ಗಾಗಿ ಹಿರಿಯರು ಊರು ಬಿಟ್ಟು ಪಟ್ಟಣ ಸೇರಿದರೆ ಭಾಷೆ, ಹಾಡು ಕಲಿಸುವವರೇ ಮನೆಯಿಂದ ಮರೆಯಾದಂತೆ. ಕುಡಿತ, ಸೆರೆಮನೆ, ಇಕ್ಕಟ್ಟಿನ ಮನೆಗಳು ಯುವಕರನ್ನು ಕಾಡುತ್ತಿವೆ. ಅವರ ಭಾಷೆಯಲ್ಲೇ ಸಾಂತ್ವನ ಹೇಳಬಲ್ಲ, ಅವರೊಳಗಿನಿಂದಲೇ ಬಂದ ಸಭಾಪಾಲಕರು ಬೇಕು. ಅವರ ತರಬೇತಿಗೆ, ಓಡಾಟಕ್ಕೆ ಬೆಂಬಲ ಬೇಕು.

ಹೊರಗಿನಿಂದ ಬರುವವರು ಮೊದಲು ಹಿರಿಯರ ಅಪ್ಪಣೆ ಕೇಳಲಿ, ಪವಿತ್ರ ಸ್ಥಳಗಳ ಕಟ್ಟಳೆಯನ್ನು ಗೌರವಿಸಲಿ, ಭಾಷೆ ಕಲಿಯುವಷ್ಟು ವರ್ಷ ನಿಲ್ಲಲಿ. ಪೂರ್ವಿಕರ ಪರಂಪರೆಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅರಾಂಡ ಕ್ರೈಸ್ತರೇ ತೀರ್ಮಾನಿಸಲಿ. ನೀರು ತಂದವರನ್ನೂ ಭಾಷೆ ಕಲಿತವರನ್ನೂ ಈ ಜನ ಒಪ್ಪಿಕೊಂಡರು. ಮಕ್ಕಳನ್ನು ಬೇರ್ಪಡಿಸಿದ, ಹಿರಿಯರನ್ನು ಹೀಗಳೆದ ಸೇವೆ ಸುವಾರ್ತೆಯ ಹೆಸರಿಗೇ ಕಳಂಕ ತಂದಿತು. ಮುಂದೆ ಸೇವೆಗೆ ಹೊರಡುವವರು ಕಲಿಯಬೇಕಾದ ಪಾಠ ಇದೇ.