ಕುಮಾರಪರ್ವತದ ನೆತ್ತಿಗೆ

ಪರ್ವತವೊಂದರ ದುರ್ಗಮತೆಯನ್ನು ಅದರ ಔನ್ನತ್ಯದಿಂದಲೇ ಅಳೆಯುವವರು ಕುಮಾರಪರ್ವತದ ವಿಷಯದಲ್ಲಿ ಮೋಸಹೋಗುತ್ತಾರೆ. ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು 1930 ಮೀಟರ್ ಎತ್ತರವಿದ್ದರೂ, ಮೋಟಾರು ರಸ್ತೆಯು ಅದರ ಹೆಗಲವರೆಗೂ ಏರಿಹೋಗಿರುವುದರಿಂದ ಯಾತ್ರಿಕನ ಕಾಲಿಗೆ ಉಳಿಯುವ ಶ್ರಮ ಅತ್ಯಲ್ಪ; ಆದರೆ 1712 ಮೀಟರಿನ ಕುಮಾರಪರ್ವತವನ್ನು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತತಕ್ಕವನು, ಸಮುದ್ರಮಟ್ಟಕ್ಕಿಂತ ನೂರಿನ್ನೂರು ಮೀಟರಷ್ಟೇ ಮೇಲಿರುವ ನೆಲದಿಂದ ಹೊರಡುವನಾದ್ದರಿಂದ, ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರಿಕೆಯನ್ನು ಹೆಜ್ಜೆಹೆಜ್ಜೆಯಾಗಿ ಗಳಿಸಬೇಕಾಗುತ್ತದೆ.

ಮೊದಲ ಘಟ್ಟವು ದಟ್ಟವಾದ ಕಾಡು. ಬೇರುಗಳೇ ಮೆಟ್ಟಿಲಾದ ಆ ಹಾದಿಯಲ್ಲಿ ನೆಲ ತೇವವಾಗಿದ್ದರೆ, ತರಗೆಲೆಯ ಮೇಲೆ ತಲೆಯೆತ್ತಿ ನಿಂತ ಉಂಬಳಗಳು ಕಾಲಿನ ಸುಳಿವು ಹತ್ತಿದೊಡನೆ ಬಾಗಿ, ಕಾಲುಚೀಲದ ನೂಲಿನ ಸಂದಿಯಲ್ಲಿ ನುಸುಳುತ್ತವೆ; ಅದಕ್ಕಾಗಿಯೇ ಅನುಭವಸ್ಥರು ಉಪ್ಪು, ಸುಣ್ಣಗಳನ್ನು ಜೊತೆಗಿಟ್ಟುಕೊಳ್ಳುವರು. ಭೀಮನಬಂಡೆಯನ್ನು ದಾಟಿ ಗಿರಿಗದ್ದೆಗೆ ಬಂದರೆ ಕಾಡು ತೆರೆದುಕೊಳ್ಳುತ್ತದೆ. ಅಲ್ಲಿನ ಭಟ್ಟರ ಮನೆಯ ಅನ್ನ ಸಾರನ್ನು ಸ್ಮರಿಸದ ಚಾರಣಿಗರು ವಿರಳ. ಅಲ್ಲಿಂದ ಮುಂದೆ ಮರದ ನೆರಳಿಲ್ಲದ ಹುಲ್ಲಿನ ಏಣು, ಕಲ್ಲುಮಂಟಪ, ಹೆಡೆಯೆತ್ತಿದ ಸರ್ಪವೆಂದು ಜನರು ಭಾವಿಸುವ ಶೇಷಪರ್ವತ. ಅದರ ಒಂದು ಪಾರ್ಶ್ವದಲ್ಲಿ ಪರ್ವತವು ನೇರವಾಗಿ ಕಡಿದುಬಿದ್ದು, ಕಣ್ಣು ಹಾಯುವಷ್ಟು ದೂರ ಗಿರಿಪಂಕ್ತಿಗಳು ಹಸುರಿನಿಂದ ನೀಲಿಗೆ ತಿರುಗುತ್ತ ಹೋಗುವ ನೋಟವು ದಣಿವನ್ನು ಮರೆಯಿಸುತ್ತದೆ. ಆದರೆ ಗಳಿಸಿದ ಎತ್ತರವನ್ನು ಕೊಂಚ ಬಿಟ್ಟುಕೊಟ್ಟು, ಶೋಲಾ ಎಂಬ ಕುಬ್ಜವೃಕ್ಷಗಳ ಕಾಡಿನೊಳಕ್ಕಿಳಿದು, ಮತ್ತೆ ಬೋಳುಬಂಡೆಯನ್ನು ಕೈಯೂರಿ ಹತ್ತಿದಲ್ಲದೆ ಶಿಖರವು ದೊರೆಯದು.

ಈ ಹುಲ್ಲೂ ಈ ಶೋಲಾವೂ ಆಕಸ್ಮಿಕವಾಗಿ ಅಕ್ಕಪಕ್ಕದಲ್ಲಿ ಬೆಳೆದವುಗಳಲ್ಲ. ಗಾಳಿಯ ಹೊಡೆತಕ್ಕೆ ಸಿಕ್ಕಿದ, ಮಣ್ಣು ತೆಳುವಾದ ದಿಣ್ಣೆಗಳಲ್ಲಿ ಹುಲ್ಲು ಮಾತ್ರ ನಿಲ್ಲಬಲ್ಲುದು. ಮಣ್ಣೂ ತೇವವೂ ಸಂಗ್ರಹವಾಗುವ ಮಡಿಲುಗಳಲ್ಲಿ ಕುಬ್ಜವೃಕ್ಷಗಳು ಒತ್ತಾಗಿ ಬೆಳೆದು, ತರಗೆಲೆಯಲ್ಲಿಯೂ ಪಾಚಿಯಲ್ಲಿಯೂ ಮಳೆನೀರನ್ನು ಹಿಡಿದಿಟ್ಟು, ಮಳೆ ನಿಂತ ಮೇಲೆಯೂ ತೊರೆಗಳಿಗೆ ಸ್ವಲ್ಪಸ್ವಲ್ಪವಾಗಿ ಉಣಿಸುತ್ತವೆ. ಇಲ್ಲಿ ಜನಿಸುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಪಶ್ಚಿಮ ಸಮುದ್ರಕ್ಕೂ, ಕುಮಾರಪರ್ವತವನ್ನೊಳಗೊಂಡ ಪುಷ್ಪಗಿರಿ ಶ್ರೇಣಿಯದೇ ಆದ ಹಾರಂಗಿಯು ಕೂಡಿಗೆಯ ಬಳಿ ಕಾವೇರಿಯನ್ನು ಸೇರಿ ಪೂರ್ವ ಸಮುದ್ರಕ್ಕೂ ಹೋಗುತ್ತವೆ. ಪುಷ್ಪಗಿರಿ ವನ್ಯಧಾಮವು 2012ರಲ್ಲಿ ಯುನೆಸ್ಕೋ ಮಾನ್ಯತೆ ಪಡೆದ ಪಶ್ಚಿಮಘಟ್ಟಗಳ ವಿಶ್ವಪರಂಪರೆಯ ತಾಣಗಳಲ್ಲಿ ಒಂದು.

ಮಳೆಗಾಲದಲ್ಲಿ ಬಂಡೆ ಜಾರುವುದು, ಹಾದಿಯೇ ಹಳ್ಳವಾಗುವುದು. ಕಡುಬೇಸಗೆಯಲ್ಲಿ ಒಣಹುಲ್ಲಿಗೆ ಒಂದು ಕಿಡಿ ಸಾಕು, ಬೆಂಕಿಯು ಶೋಲಾದ ಅಂಚಿನವರೆಗೂ ಓಡುವುದು. ಆದುದರಿಂದ ಆ ಕಾಲಗಳಲ್ಲಿ ಅರಣ್ಯ ಇಲಾಖೆಯು ಚಾರಣವನ್ನು ನಿಷೇಧಿಸುತ್ತದೆ; ಉಳಿದ ದಿನಗಳಲ್ಲಿಯೂ ಅನುಮತಿ ಪಡೆದೇ ಹೋಗತಕ್ಕದ್ದು. ಬೆಳಕು ಹರಿಯುವಾಗಲೇ ಹೊರಟು, ಬಿಸಿಲೇರುವ ಮುನ್ನ ಹುಲ್ಲಿನ ಏಣನ್ನು ಹಾಯುವುದೂ, ನೀರನ್ನು ಧಾರಾಳವಾಗಿ ಹೊರುವುದೂ ಏರುವವನ ಕ್ಷೇಮಕ್ಕೆ ಎಷ್ಟು ಅವಶ್ಯವೋ, ಒಲೆ ಹೂಡದೆ ಬುತ್ತಿಯನ್ನು ಉಣ್ಣುವುದು ಇಲ್ಲಿಂದಿಳಿಯುವ ಹೊಳೆಗಳ ನೀರನ್ನು ಕುಡಿಯುವ ಕೆಳಗಿನ ಊರುಗಳ ಕ್ಷೇಮಕ್ಕೂ ಅಷ್ಟೇ ಅವಶ್ಯ.