ಆರೋಗ್ಯಕೇಂದ್ರದಲ್ಲಿ ಶಿಶುಪೋಷಣೆ

ಪ್ರಾಥಮಿಕ ಆರೋಗ್ಯಕೇಂದ್ರವೆಂದೊಡನೆ ನಮ್ಮ ಗ್ರಾಮಸ್ಥರ ಮನಸ್ಸಿಗೆ ಬರುವುದು ಚುಚ್ಚುಮದ್ದು, ಹೆರಿಗೆ, ಜ್ವರದ ಮಾತ್ರೆ. ಆದರೆ ಅದೇ ಕಟ್ಟಡದ ಒಂದು ಕೋಣೆಯಲ್ಲಿ ತೂಕದ ಯಂತ್ರ, ಮಗುವನ್ನು ಮಲಗಿಸಿ ಉದ್ದವನ್ನಳೆಯುವ ಹಲಗೆ, ಕೆಂಪು ಹಳದಿ ಹಸಿರು ಬಣ್ಣಗಳ ಒಂದು ತೋಳಪಟ್ಟಿ, ಇಷ್ಟೇ ಸಾಮಗ್ರಿಯನ್ನಿಟ್ಟುಕೊಂಡು ಆರೋಗ್ಯ ಸಹಾಯಕಿಯು ನಡೆಸುವ ಕಾರ್ಯವು ಯಾವ ಶಸ್ತ್ರಚಿಕಿತ್ಸೆಗೂ ಕಡಮೆಯಾದುದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆರು ತಿಂಗಳು ತುಂಬಿ ಐದು ವರ್ಷದೊಳಗಿರುವ ಮಗುವಿನ ಎಡದೋಳನ್ನು ಸಡಿಲವಾಗಿ ಇಳಿಬಿಡಿಸಿ, ಭುಜಕ್ಕೂ ಮೊಣಕೈಗೂ ನಟ್ಟನಡುವೆ ಪಟ್ಟಿಯನ್ನು ಬಿಗಿಯದಂತೆಯೂ ಜೋಲದಂತೆಯೂ ಸುತ್ತಿದಾಗ ಅಳತೆ 11.5 ಸೆಂಟಿಮೀಟರಿಗಿಂತ ಕಡಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, 12.5ರೊಳಗಿದ್ದರೆ ಮಧ್ಯಮ. ಬಳಿಕ ಎರಡು ಪಾದಗಳ ಮೇಲೂ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಒತ್ತಿ, ಗುಳಿ ಉಳಿಯುವುದೋ ಎಂದು ನೋಡತಕ್ಕದ್ದು. ಬಾವು ಬಂದ ಮಗುವನ್ನು ಕಂಡು ಮೈತುಂಬಿಕೊಂಡಿದೆಯೆಂದು ಮನೆಯವರು ಸಂತೋಷಪಡುವುದುಂಟಾದುದರಿಂದ ಈ ಪರೀಕ್ಷೆಯನ್ನು ಬಿಡಲಾಗದು. 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಎದೆಹಾಲು ಬಿಟ್ಟು ಮೆಕ್ಕೆಜೋಳದ ಗಂಜಿಗೆ ಬಿದ್ದ ಕೂಸುಗಳಲ್ಲಿ ಈ ಬಾವನ್ನು ಕಂಡು ಲೋಕಕ್ಕೆ ತಿಳಿಸಿದರು.

ಗಂಜಿಯ ಪ್ರಶ್ನೆ ನಮ್ಮದೂ ಹೌದು. ಆರು ತಿಂಗಳ ಬಳಿಕ ಎದೆಹಾಲೊಂದೇ ಸಾಲದು. ಕೂಸಿನ ಹೊಟ್ಟೆಯೋ ಬಹಳ ಚಿಕ್ಕದು. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿದರೆ ಕೂಸು ನುಂಗಲಾರದು, ನೀರು ಬೆರಸಿ ತೆಳುಮಾಡಿದರೆ ಹೊಟ್ಟೆ ತುಂಬಿಯೂ ಸತ್ತ್ವ ಸೇರದು. ಈ ಉಭಯಸಂಕಟಕ್ಕೆ ಹಳೆಯ ಮೈಸೂರು ಸೀಮೆಯ ಅಜ್ಜಿಯರು ಕಂಡುಕೊಂಡ ಪರಿಹಾರವೇ ಮೊಳಕೆ ರಾಗಿಯ ಸರಿ. ರಾಗಿಯನ್ನು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳೆತ ಮೇಲೆ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿದ ಆ ನುಣುಪಾದ ಹಿಟ್ಟು ಒಲೆಯ ಮೇಲೆ ಬಿಗಿದುಕೊಳ್ಳುವುದಿಲ್ಲ. ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದೇ ಇದಕ್ಕೆ ಕಾರಣ. ಆದುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಅತಿಯಾಗಿ ಹುರಿದರೆ ಕಿಣ್ವ ನಷ್ಟವಾಗಿ ಪಟ್ಟ ಶ್ರಮವೆಲ್ಲ ವ್ಯರ್ಥ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆ ರಾಗಿಗೆ ಮೊಳಕೆ ಹೆಸರುಕಾಳನ್ನು ಕೂಡಿಸಿ ಶಿಶುವಿನ ಆಹಾರವನ್ನು ರೂಪಿಸಿ, ಅಡುಗೆಮನೆಯ ಈ ವಿವೇಕಕ್ಕೆ ಶಾಸ್ತ್ರದ ಆಧಾರವನ್ನೊದಗಿಸಿದರು. ಸಹಾಯಕಿಯು 'ಪೌಷ್ಟಿಕ ಆಹಾರ ಕೊಡಿ' ಎಂದು ಹೇಳಿ ಕಳುಹಿಸುವ ಬದಲು, ಇದಕ್ಕೆ ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರಸಿ, ಒಂಬತ್ತು ತಿಂಗಳ ಕೂಸಿಗೆ ಅರ್ಧ ಬಟ್ಟಲಿನಂತೆ ದಿನಕ್ಕೆ ಮೂರು ನಾಲ್ಕು ಸಲ ಉಣಿಸೆಂದು ಬಟ್ಟಲನ್ನೇ ತೋರಿಸಿ ಹೇಳಿದರೆ ಆ ಮಾತು ಮನೆಯವರೆಗೂ ಹೋಗುತ್ತದೆ.

ತೀವ್ರವಾಗಿ ಸೊರಗಿ, ಹಸಿವೂ ಅಡಗಿದ ಅಥವಾ ಬಾವು ಬಂದ ಮಗುವಿಗೆ ಮಾತ್ರ ಇಷ್ಟು ಸಾಲದು. ಅದನ್ನು ತಾಯಿಯ ಸಹಿತ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಬೇಕು. ಸುಮಾರು ಎರಡು ವಾರಗಳ ವಾಸ. ಕನಿಕರದಿಂದ ಒಮ್ಮೆಲೇ ಹೊಟ್ಟೆ ತುಂಬ ಉಣಿಸುವುದು ಅಲ್ಲಿ ಪ್ರಾಣಾಂತಕವಾಗಬಲ್ಲದು. ಬಡಕಲಾದ ದೇಹದ ಹೃದಯವೂ ಯಕೃತ್ತೂ ಆ ಭಾರವನ್ನು ತಾಳಲಾರವು. ಆದ್ದರಿಂದ ಮೊದಲು 100 ಮಿಲಿಲೀಟರಿಗೆ 75 ಕ್ಯಾಲೊರಿಯುಳ್ಳ ಹಾಲಿನ ಆಹಾರವನ್ನು, ರಾತ್ರಿಯೂ ತಪ್ಪದಂತೆ, ಎರಡೆರಡು ಗಂಟೆಗೊಮ್ಮೆ ಕೊಡುತ್ತಾರೆ. ಹಸಿವು ಮರಳಿದ ಮೇಲೆ 100 ಕ್ಯಾಲೊರಿಯದಕ್ಕೆ ಮೆಲ್ಲನೆ ಏರಿಸುತ್ತಾರೆ. ಮೈ ಬೆಚ್ಚಗಿರುವಂತೆ ತಾಯಿಯ ಎದೆಗವಚಿಸುವುದು, ಸೋಂಕಿಗೆ ಔಷಧ, ರಕ್ತಹೀನತೆಯಿದ್ದರೂ ಕಬ್ಬಿಣಾಂಶವನ್ನು ಆರಂಭದಲ್ಲಿ ತಡೆಹಿಡಿಯುವುದು, ಇವೆಲ್ಲ ಆ ಕ್ರಮದ ಅಂಗಗಳು.

ಈ ವಾಸಕ್ಕೆ ಒಪ್ಪಿಸುವುದೇ ಕಷ್ಟ. ತಾಯಿಗೆ ಕೂಲಿನಷ್ಟದ ಪರಿಹಾರವಾಗಿ ಸರಕಾರ ಭತ್ಯೆ ಕೊಡುವುದು ಉಚಿತವೇ. ಆದರೆ ಮನೆಯಲ್ಲಿ ಇನ್ನೆರಡು ಮಕ್ಕಳನ್ನೂ ಕರುವನ್ನೂ ಬಿಟ್ಟು ಬಂದವಳ ಮನಸ್ಸು ಮೂರನೆಯ ದಿನಕ್ಕೇ ಊರ ಕಡೆ ಎಳೆಯುತ್ತದೆ. ಚೀಟಿ ಬರೆಯುವ ಮುನ್ನ ಆ ಮಕ್ಕಳನ್ನು ನೋಡಿಕೊಳ್ಳುವವರಾರೆಂದು ಆಶಾ ಕಾರ್ಯಕರ್ತೆಯೂ ಅಂಗನವಾಡಿಯವಳೂ ಕೂಡಿ ವಿಚಾರಿಸಿ, ಅತ್ತಿಗೆಯನ್ನೋ ನೆರೆಯವಳನ್ನೋ ಒಪ್ಪಿಸಿಕೊಡುವುದೂ ಚಿಕಿತ್ಸೆಯ ಭಾಗವೆಂದೇ ಕೇಂದ್ರಗಳು ಎಣಿಸಬೇಕು.